ಮೈತುಂಬಿದ ಬಾವು

ಕುಬಸದ ದಿನ ಹಸಿರು ಬಳೆ ನನ್ನ ಕೈಗೆ ಏರಲೇ ಇಲ್ಲ. ನಿಡೋಣಿಯ ತವರುಮನೆಯ ಪಡಸಾಲೆಯಲ್ಲಿ ಬಳೆಗಾರ್ತಿ ಸೋಪು ಹಚ್ಚಿ, ಒತ್ತಿ, ಹಿಚುಕಿ ನೋಡಿ ಕೊನೆಗೆ ದೊಡ್ಡ ಅಳತೆಯ ಬಳೆ ತೆಗೆದಳು. ಬಸುರಿಗೆಂದು ಬುತ್ತಿ ಕಟ್ಟಿಕೊಂಡು ಬಂದಿದ್ದ ಹೆಂಗಸರೆಲ್ಲ ನಕ್ಕರು.

"ಮೈತುಂಬಿ ಬಂದಾಳ ನೋಡ್ರಿ, ಮೊದಲ ದೃಷ್ಟಿ ತಗೀರಿ!"

ಹೊಗಳಿದರೆ ಬೇಡ ಎನ್ನುವವಳಲ್ಲ ನಾನು. ಆದರೆ ಅವತ್ತು ಬಾತ ಕಾಲುಗಳನ್ನು ಸೀರೆಯೊಳಗೆ ಎಳೆದುಕೊಂಡು ಕೂತೆ.

ಸಾರವಾಡದಿಂದ ಬಂದಿದ್ದ ಅತ್ತೆಯ ಕಣ್ಣು ತಪ್ಪಿಸುವುದುಂಟೇ? "ಕಾಲಾಗ ನೀರು ತುಂಬೇತಿ. ನೀರು ಕುಡಿಯೂದು ಕಮ್ಮಿ ಮಾಡಸ್ರಿ," ಎಂದು ಅವ್ವನಿಗೆ ತಾಕೀತು ಮಾಡಿ ಹೋದರು. ಬೀಗತಿಯ ಮಾತಿಗೆ ಅವ್ವ ಎದುರಾಡುವವಳಲ್ಲ. ಅಂದಿನಿಂದ ನೀರಿನ ತಂಬಿಗೆ ನನ್ನ ಕೈಗೆ ಸಿಗದ ಕಡೆ ಹೋಯಿತು. ಕಡಕ್ ರೊಟ್ಟಿ ತಿಂದು ಒಂದು ಗುಟುಕಿಗೆ ಅಂಗಲಾಚಬೇಕು. ಬಾವು ಮಾತ್ರ ಇಳಿಯಲಿಲ್ಲ, ಮೇಲೆ ತಲೆನೋವು ಬೇರೆ. ಒಂದು ಮುಂಜಾನೆ ಕಣ್ಣ ಮುಂದೆ ಬೆಳಕಿನ ಕಿಡಿಗಳು ಹಾರತೊಡಗಿದವು. ಎದುರಿಗೆ ನಿಂತಿದ್ದ ಅವ್ವನ ಅರ್ಧ ಮುಖವೇ ಕಾಣಲಿಲ್ಲ.

ಬಾಡಿಗೆ ಗಾಡಿಯಲ್ಲಿ ಬಬಲೇಶ್ವರ ದಾಟಿ, ಸಾರವಾಡದಲ್ಲಿ ಅತ್ತೆಯನ್ನು ಹತ್ತಿಸಿಕೊಂಡು ವಿಜಯಪುರ ಸೇರಿದೆವು. ಗಾಂಧಿ ಚೌಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಗಂಡ ಆಸ್ಪತ್ರೆಗೆ ಓಡಿಬಂದ. ಬಿ.ಪಿ. ನೋಡಿ, ನೀರು ಬಿಡಿಸಿದ್ದನ್ನು ಕೇಳಿದ ಡಾಕ್ಟರಮ್ಮನ ಮುಖ ಗಂಟಿಕ್ಕಿತು.

"ಬಸುರಾಗ ಹಾರ್ಮೋನು ಉಪ್ಪು, ನೀರು ಹಿಡಿದಿಟ್ಟು ರಕ್ತ ಹೆಚ್ಚಸ್ತಾವ. ರಕ್ತನಾಳ ಸಡಿಲಾಗಿ ಅದಕ್ಕ ಜಾಗಾ ಕೊಡಬೇಕು. ಈಕಿವು ಬಿಗಿಯಾಕತ್ತಾವ, ಅದಕ್ಕ ಬಿ.ಪಿ. ಏರೇತಿ. ನಾಳದಾಗಿನ ನೀರು ಸೋರಿ ಮಾಂಸದಾಗ ನಿಂತೇತಿ. ಹೊರಗ ಬಾವು, ಒಳಗ ರಕ್ತಕ್ಕ ನೀರು ಸಾಲವಲ್ದು. ಅಂಥಾದ್ರಾಗ ನೀರು ಯಾಕ ಬಿಡಿಸಿದ್ರಿ?"

ಅವ್ವ ಅತ್ತೆಯತ್ತ ನೋಡಿದಳು.

"ಫಿಟ್ಸ್ ಬಂದ್ರ ಕಷ್ಟ ಐತಿ. ಹೆರಿಗಿ ಮಾಡೂದೊಂದ ದಾರಿ. ಆದ್ರ ಕೂಸಿಗೆ ದಿನಾ ತುಂಬಿಲ್ಲ, ಉಳೀತೈತಿ ಅಂತ ಹೇಳಾಕ ಬರೂದಿಲ್ಲ."

ನನಗೆ ಸಾಯುವ ಹೆದರಿಕೆ ಇರಲಿಲ್ಲವೆಂದರೆ ಸುಳ್ಳು. ಆದರೆ ಹೊಟ್ಟೆ ಬರಿದಾಗಿ ನಾನೊಬ್ಬಳೇ ಮನೆಗೆ ಹೋಗುವುದನ್ನು ನೆನೆದರೆ ಅದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. "ಇನ್ನೊಂದೀಟು ದಿನ ತಡೀರಿ," ಎಂದೆ. ಮೊಮ್ಮಗುವಿಗಾಗಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ ಅತ್ತೆ ನನ್ನ ಪರವೇ ನಿಲ್ಲುತ್ತಾರೆಂದು ಅವರತ್ತ ನೋಡಿದೆ.

ಅತ್ತೆ ಡಾಕ್ಟರಮ್ಮನ ಕೈ ಹಿಡಿದುಕೊಂಡರು. "ತಡೀಬ್ಯಾಡ್ರಿ ಯವ್ವಾ. ಕೂಸು ಹೋದ್ರ ಹೋಗ್ಲಿ, ಈಕಿನ ಉಳಸ್ರಿ."

"ಪಾಪಿ ಮುದುಕಿ!" ಎಂದು ಕೂಗಿದೆ. ಒಳಗೆ ಒಯ್ಯುವಾಗಲೂ ಬೈಯುತ್ತಲೇ ಇದ್ದೆ.

ಎಚ್ಚರವಾದಾಗ ಹೊಟ್ಟೆ ಬರಿದಾಗಿತ್ತು, ಪಕ್ಕದಲ್ಲಿ ಕೂಸು ಇರಲಿಲ್ಲ. ಕೂಸು ಅತ್ತಿತೆಂದು ಗಂಡ ಹೇಳಿದ, ಅವ್ವ ಆಣೆ ಇಟ್ಟಳು. ಇಬ್ಬರನ್ನೂ ನಂಬಲಿಲ್ಲ. ನನ್ನ ಹಟ ತಾಳಲಾರದೆ ಗಾಲಿಕುರ್ಚಿಯಲ್ಲಿ ಕೂಡಿಸಿ ಕೂಸನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯ ತನಕ ಒಯ್ದರು. ಅಂಗೈಯಗಲದ ಎದೆ ಏರಿ ಇಳಿಯುತ್ತಿತ್ತು. ಮತ್ತೆ ಏರುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನೋಡಿದೆ. ಏರಿತು.

ಅತ್ತೆ ಮಾತ್ರ ಒಳಗೆ ಬರಲಿಲ್ಲ. ಕರೆದರೆ ಬಾಗಿಲ ಆಚೆಯೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಹೋದ್ರ ಹೋಗ್ಲಿ ಅಂದ ಬಾಯಿ ಇದು. ಆ ಕೂಸಿಗೆ ಹೆಂಗ ಮಾರಿ ತೋರಸ್ಲಿ?"