ನಾಲ್ಕನೆಯವನು

ಸ್ವಾತಂತ್ರ್ಯ ಬಂದ ಮರುವರ್ಷ ಹತ್ತರಗಿಯ ಲಗಮಪ್ಪ, ಮಿಲಿಟರಿಯವರು ಹರಾಜಿಗಿಟ್ಟ, ನಾಲ್ಕೂ ಗಾಲಿ ಎಳೆಯುವ ಹಳೆಯ ಜೀಪು ತಂದು, ಹಿಮಾಲಯ ನೋಡುವ ಆಸೆಯಿಂದ ಒಬ್ಬನೇ ರಿಪೇರಿ ಮಾಡಿದ. ಜೊತೆಗೆ ಬರುತ್ತೇವೆಂದು ಗೆಳೆಯರಾದ ಉದ್ದಪ್ಪ, ಕರೆಪ್ಪ ಮಾತು ಕೊಟ್ಟಿದ್ದರು. ಮೂವರೇ ಹೊರಡುವುದು ಕೇಡೆಂದು, ರೂಢಿಯಂತೆ ನಾಲ್ಕನೆಯವನಾಗಿ ಹೊಳೆಯ ಕಲ್ಲೊಂದನ್ನು ಹಿಂದಿನ ಸೀಟಿನಲ್ಲಿಟ್ಟಿದ್ದ.

ಹೊರಡುವ ಮುಂಜಾನೆ ಉದ್ದಪ್ಪ, "ಗಾಡಿ ಭಾರಿ ಆಗೇತಿ ಬಿಡಪಾ! ಆದ್ರ ನಂದು ಬಿತ್ತೂದೈತಿ," ಎಂದ. ಕರೆಪ್ಪನ ಹೆಂಡತಿ ಬೇಡವೆಂದಳಂತೆ.

ಮೂವರ ಬುತ್ತಿ ತಂದ ನೆರೆಮನೆಯ ಕೆಂಪವ್ವ, "ಒಬ್ಬನ ಹೊಂಟೀ, ಇನ್ನ ಕಲ್ಲ್ಯಾಕೋ? ಇಳಸು," ಎಂದಳು.

"ಇರ್ಲಿ ಬಿಡವ್ವಾ. ಹೊರಡೂ ಹೊತ್ತಿಗೆ ನೆವಾ ಹೇಳದಾಂವ ಇಂವ ಒಬ್ಬನ ಅದಾನ."

ಲಗಮಪ್ಪ ಕಲ್ಲನ್ನು ಮುಂದಿನ ಸೀಟಿಗೆ ತಂದು, ಗಾಡಿ ಕುಲುಕಿದರೂ ಉರುಳದಂತೆ ಹಗ್ಗದಿಂದ ಬಿಗಿದು, ಬುತ್ತಿಯನ್ನು ಅದರ ಪಕ್ಕಕ್ಕಿಟ್ಟು ಹೊರಟ.