ಬಜೆಗೆ ಬಿದ್ದ ಸೊನ್ನೆ

ಬೈಲಹೊಂಗಲ ಸೀಮೆಯ ಅಂಗಡಿಗಳ ಫಲಕಗಳಿಗೆ ಅಕ್ಷರದ ಮರ್ಯಾದೆಯನ್ನು ಕಲಿಸಿದವರೆಂದರೆ ಚಿತ್ರಕಲಾ ಶಿಕ್ಷಕರಾದ ಶ್ರೀ ನಿಜಗುಣಪ್ಪ ಮಾಸ್ತರರು. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸೇವೆ ಸಲ್ಲಿಸಿ, ಸಂಜೆಯ ಬಿಡುವಿನಲ್ಲಿ ಕುಂಚ ಹಿಡಿದು ಊರೂರಿನ ಹೆಸರುಗಳನ್ನು ಬರೆದ ಗುರುಗಳು ಈಗ ನಿವೃತ್ತರಾಗುತ್ತಿದ್ದಾರೆ. ಅವರನ್ನು ಹೊಗಳಿ ಬರೆಯೆಂದು ಸಮಿತಿಯವರು ಶಿಷ್ಯೆಯಾದ ನನಗೆ ಹೇಳಿದ್ದಾರೆ. ಹೊಗಳಲು ನನಗೆ ಯಾವ ಮುಖವಿದೆಯೋ!

ಒಂಬತ್ತನೆಯ ತರಗತಿಯಲ್ಲಿ ತಮ್ಮ ಬಣ್ಣದ ಡಬ್ಬಿಯನ್ನೇ ನನ್ನ ಮುಂದಿಟ್ಟು ಅಕ್ಷರ ತಿದ್ದಿಸಿದವರು ಅವರು. ಮುಂದೆ ನಾನು ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಡಿಸೈನ್ ಅಂಗಡಿ ತೆರೆದಾಗ ಮೊದಲ ಗಿರಾಕಿಯನ್ನು ಕಳಿಸಿದವರೂ ಅವರೇ. ಆಕೆ ಯರಗಟ್ಟಿಯ ಬಾಯವ್ವ. ಊರಿನ ಹಸುಗೂಸುಗಳಿಗೆ ನೀರೆರೆದು, ತೇದು ನೆಕ್ಕಿಸಲು ಬಜೆಯ ಬೇರು ಮಾರುವವರು. ಜನ ಕರೆಯುತ್ತಿದ್ದ "ಬಜೆ ಬಾಯವ್ವ" ಎಂಬ ಹೆಸರನ್ನೇ ಪೊಟ್ಟಣಕ್ಕೆಂದು ಮಾಸ್ತರರು ಕೈಯಾರೆ ಬರೆದುಕೊಟ್ಟರು.

ಜಾಣೆಯಾದ ನನಗೆ ಅದು ಬೋಳಾಗಿ ಕಂಡಿತು. ಪೇಟೆಯ ಇಂಗ್ಲಿಷ್ ಹೆಸರುಗಳು ಅಂದಕ್ಕೆಂದು ತಲೆಯ ಮೇಲೆ ಚುಕ್ಕೆ ಹೊತ್ತು ಮೆರೆಯುವಾಗ ನಮ್ಮದಕ್ಕೇನು ಕಡಿಮೆ ಎಂದೆ. "ಮೀನಾ, ಕನ್ನಡದಾಗ ಚುಕ್ಕಿ ಸುಮ್ಮ ಕುಂದ್ರಂಗಿಲ್ಲವಾ, ಕುಂತಲ್ಲೆ ಮಾತಾಡತೈತಿ," ಎಂದರು ಗುರುಗಳು. ಕೇಳಬೇಕಲ್ಲ! ಅವರಿಗೆ ತೋರಿಸದೆ 'ಬ' ಮತ್ತು 'ಜೆ' ನಡುವೆ ಬಂಗಾರದ ಬಣ್ಣದ ಒಂದು ಉಂಗುರವಿಟ್ಟು ಅಚ್ಚು ಹಾಕಿಸಿಬಿಟ್ಟೆ.

ಸಂತೆಯಲ್ಲಿ ಜನ ಓದಿದ್ದು "ಬಂಜೆ ಬಾಯವ್ವ" ಎಂದು. ಊರಿನ ಕೂಸುಗಳಿಗೆಲ್ಲ ಎರೆದ ಆ ತಾಯಿಯ ಮಡಿಲಲ್ಲಿ ಒಂದು ಕೂಸೂ ಆಡಿರಲಿಲ್ಲ.

ಸುದ್ದಿ ತಿಳಿದ ಕೂಡಲೇ ಮಾಸ್ತರರು ನನ್ನನ್ನು ಕರೆದುಕೊಂಡು ಬಾಯವ್ವನವರ ಮನೆಗೆ ಹೋದರು. ನಾನು ಬಾಯಿ ತೆರೆಯುವ ಮೊದಲೇ ಕೈಮುಗಿದು, "ಯವ್ವಾ, ನನ್ನ ಕಣ್ಣು ಮಂಜಾಗ್ಯಾವು. ಚುಕ್ಕಿ ನಾನ ಇಟ್ಟೆ, ತಪ್ಪಾತು," ಎಂದರು.

"ಇರ್ಲಿ ಬಿಡ್ರಿ ಮಾಸ್ತರ. ಮಂದಿ ಹಿಂದಿಂದ ಅಂತಿದ್ರು, ನೀವು ಬಂಗಾರದ ಬಣ್ಣದಾಗ ಬರದ್ರಿ," ಎಂದರು ಬಾಯವ್ವ.

ನಾನು ಬಾಗಿಲಲ್ಲೇ ನಿಂತಿದ್ದೆ. ಬಸ್ಸಿನಲ್ಲಿ ಅತ್ತಾಗ, "ನಿನ್ನ ಅಂಗಡಿ ಈಗಷ್ಟ ತೆರದೈತಿ, ಹೆಸರು ಕೆಡಬಾರದು. ಅಳಬ್ಯಾಡ," ಎಂದಷ್ಟೇ ಹೇಳಿದರು.

ಆಮೇಲೆ ಮಾಸ್ತರರ ಕಣ್ಣು ಹೋಗಿದೆಯೆಂಬ ಮಾತು ಹಬ್ಬಿತು. ಫಲಕ ಬರೆಯಿರೆಂದು ಯಾರೂ ಬರಲಿಲ್ಲ. ಅವರ ಕುಂಚ ಒಣಗಿತು, ನನ್ನ ಅಂಗಡಿ ಬೆಳೆಯಿತು. ಆರು ವರ್ಷ ಬಾಯಿಗೆ ಬೀಗ ಹಾಕಿಕೊಂಡೆ. ನಾಚಿಕೆಯಾಗುತ್ತದೆ.

ಗುರುಗಳು ನೂರ್ಕಾಲ ಬಾಳಲಿ, ಮತ್ತೆ ಕುಂಚ ಹಿಡಿಯಲಿ, ನನ್ನ ಅಂಗಡಿಯ ಫಲಕವನ್ನೇ ಮೊದಲು ಬರೆಯಲಿ. ಬಾಯವ್ವನವರಿಗೆ ಓದು ಬಾರದು. ಅದಕ್ಕೇ ಈ ಲೇಖನವನ್ನು ಸಮಾರಂಭದಲ್ಲಿ, ಅವರ ಎದುರಿನಲ್ಲಿ, ನಾನೇ ಓದುತ್ತೇನೆ.

ಯವ್ವಾ, ಮಾಸ್ತರ ಕಣ್ಣು ಚಲೋ ಅದಾವು. ಆ ಸೊನ್ನಿ ನಂದು.