ಹಡಗಲಿಯ ಲೈವ್ ಮತ್ತು ನನ್ನ ಹೊಟ್ಟೆಕಿಚ್ಚು

2023ರ ಬೇಸಿಗೆಯ ಹೊತ್ತಿಗೆ ಕೊಟ್ಟೂರಿನಲ್ಲಿ ಮೈಕ್‌ಸೆಟ್ ಇಟ್ಟು ನಾನು ಕೆಲಸ ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನನ್ನ ಸ್ಪೀಕರ್ ಕೂಗದ ಕಲ್ಯಾಣಮಂಟಪ ಇರಲಿಲ್ಲ. ಇಷ್ಟಾದರೂ ಜನರ ಬಾಯಲ್ಲಿ ನಾನು ‘ಮೈಕಿನವ’. ಆರು ತಿಂಗಳ ಹಿಂದಷ್ಟೇ ಲೈವ್ ವಿಡಿಯೋ ಶುರುಮಾಡಿದ್ದ ಹಡಗಲಿಯ ಶೈಲಜಾ ಮಾತ್ರ ‘ಮೇಡಂ’. ಅವಳಿಗೆ ಮೇಜು, ಕುರ್ಚಿ, ಫ್ಯಾನು, ಕೇಳದೆಯೇ ಬರುವ ಮಜ್ಜಿಗೆ. ನನಗೆ ಕಂಬದ ಮೂಲೆ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು ಬಂತು?

ಆಗ ಹಡಗಲಿಯ ಭವನವೊಂದರಲ್ಲಿ ಹಗಲಿನಲ್ಲೇ ಒಂದು ಬಯಲಾಟ ಏರ್ಪಾಡಾಯಿತು. ಅರಸನ ಪಾತ್ರ ಇಟ್ಟಿಗಿಯ ಹುಲುಗಪ್ಪಜ್ಜನದು. ಮೈಕಿಲ್ಲದ ಕಾಲದಿಂದ ಬಯಲು ತುಂಬಿಸಿದ ದನಿ ಅದು. ಗಂಟಲಲ್ಲಿ ಗಡ್ಡೆ ಕಂಡು, ಮುಂದಿನ ವಾರವೇ ಆಪರೇಷನ್ ಎಂದು ವೈದ್ಯರು ಹೇಳಿದ್ದರು. ಆಮೇಲೆ ದನಿ ಉಳಿಯುವ ಭರವಸೆ ಇರಲಿಲ್ಲ. ಅಜ್ಜನ ಆಟವನ್ನು ಅಲ್ಲಿಯವರೆಗೆ ಯಾರೂ ಸರಿಯಾಗಿ ರೆಕಾರ್ಡ್ ಮಾಡಿರಲಿಲ್ಲವಾದ್ದರಿಂದ ತಂಡದವರು ಶೈಲಜಾಳನ್ನು ಕರೆಸಿದರು. ಭವನದ ಸೌಂಡ್ ನನ್ನದು, ವಿಡಿಯೋ ಅವಳದು.

ಇಂಥ ಕಡೆ ಕೆಲಸ ಹೀಗಿರುತ್ತದೆ: ವೇದಿಕೆಯ ಮೈಕುಗಳೆಲ್ಲ ನನ್ನ ಮಿಕ್ಸರ್‌ಗೆ ಬರುತ್ತವೆ. ಅಲ್ಲಿಂದ ಒಂದು ವೈರು ಲೈವ್‌ನವರ ಮಶೀನಿಗೆ ಹೋಗುತ್ತದೆ. ಎಷ್ಟು ದನಿ ಒಳಗೆ ಬಿಡಬೇಕೆಂದು ಅವರು ತಮ್ಮ ಕಡೆಯ ಗೇನ್ ಎಂಬ ಗುಂಡಿ ತಿರುಗಿಸಿ ನಿಗದಿ ಮಾಡುತ್ತಾರೆ. ಪರದೆಯ ಮೇಲೆ ಲೆವೆಲ್ ಮೀಟರ್ ಹಸಿರು, ಹಳದಿ, ಕೆಂಪಾಗಿ ಏರಿಳಿಯುತ್ತದೆ. ಕೆಂಪು ಮುಟ್ಟಿದರೆ ದನಿ ಒಡೆಯುತ್ತದೆ. ಕಡಿಮೆ ಬಂದ ದನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಮೊದಲಿನಂತೆ ಮಾಡಲಾಗದು.

ಅಜ್ಜನದೊಂದು ಪದ್ಧತಿಯಿತ್ತು. ಬಣ್ಣ ಹಚ್ಚಿ ಕಿರೀಟ ಕಟ್ಟುವವರೆಗೆ ದನಿ ತೆಗೆಯುತ್ತಿರಲಿಲ್ಲ. ಹಾಗಾಗಿ ಟೆಸ್ಟಿಂಗಿಗೆ ಸಂಘಟಕರೊಬ್ಬರು ಬಂದು, ಹೆಣ್ಣು ನೋಡಲು ಹೋದ ಗಂಡಿನ ಹಾಗೆ ಮೆಲ್ಲಗೆ ಒಂದು, ಎರಡು, ಮೂರು ಎಂದರು. ಅಜ್ಜನ ಅಬ್ಬರ ಗೊತ್ತಿದ್ದ ನಾನು ನನ್ನ ಮಿಕ್ಸರನ್ನು ತಗ್ಗಿಸಿಯೇ ಇಟ್ಟಿದ್ದೆ. ಬಯಲಾಟಕ್ಕೆ ಹೊಸಬಳಾದ ಶೈಲಜಾ ದನಿ ಸಾಲದೆಂದು ಗೇನ್ ಏರಿಸಿದಳು. ಏರಿಸಿ, ನನ್ನ ಮೂಲೆಗೇ ಬಂದು ಕೇಳಿದಳು.

“ಅಣ್ಣಾರ, ಇಷ್ಟು ಲೆವೆಲ್ ಸಾಕೇನ್ರಿ?”

ಅರ್ಧಕ್ಕರ್ಧ ಇಳಿಸು ಎಂದು ಹೇಳಬೇಕಿತ್ತು. ಅಷ್ಟರಲ್ಲೇ ಯಾರೋ ನನ್ನನ್ನು ದಾಟಿಕೊಂಡು ಹೋಗಿ ಅವಳ ಮೇಜಿನ ಮೇಲೆ ಮಜ್ಜಿಗೆ ಇಟ್ಟರು.

“ಸಾಕ್ರಿ ಮೇಡಂ,” ಎಂದೆ.

ಅಜ್ಜ ಕಿರೀಟ ಕಟ್ಟಿಕೊಂಡು ಪ್ರವೇಶದ ಪದ ಎತ್ತಿದ. ಅಬ್ಬಾ, ಆ ದನಿ! ಭವನದಲ್ಲಿ ನನ್ನ ಸ್ಪೀಕರ್ ಸ್ವಚ್ಛವಾಗಿ ಹಾಡುತ್ತಿತ್ತು. ಅವಳ ಮೀಟರ್ ಮಾತ್ರ ಕೆಂಪಿನಿಂದ ಇಳಿಯಲೇ ಇಲ್ಲ. ಅವಳು ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ಮೂರು ಕ್ಯಾಮೆರಾಗಳ ಜೊತೆ ಒದ್ದಾಡುತ್ತಿದ್ದಳು. ನಾನು ನೋಡಿದೆ, ಒಳಗೊಳಗೇ ಖುಷಿಪಟ್ಟೆ.

ಹತ್ತು ನಿಮಿಷವಾಗಿರಬೇಕು, ಮನೆಯಲ್ಲಿ ಮೊಬೈಲಿನಲ್ಲಿ ಆಟ ನೋಡುತ್ತಿದ್ದ ನನ್ನ ಹೆಂಡತಿಯ ಫೋನು ಬಂತು. “ಅಜ್ಜಾರ ದನಿ ಗೊರಗೊರ ಅಂತೈತಿ. ನೀವು ಅಲ್ಲೇ ಅದೀರಲ್ಲ, ನಿಮಗ ಕೇಳವಲ್ದೇನು?”

ಕೆಡುತ್ತಿದ್ದದ್ದು ಶೈಲಜಾಳ ಹೆಸರು ಎಂದುಕೊಂಡಿದ್ದೆ. ಕೆಡುತ್ತಿದ್ದದ್ದು ಅಜ್ಜನ ದನಿ. ಓಡಿಹೋಗಿ ನಾನೇ ಗೇನ್ ಇಳಿಸಿದೆ. ಅಷ್ಟರಲ್ಲಿ ಪ್ರವೇಶದ ಪದ ಮುಗಿದಿತ್ತು, ಆಟ ನಿಲ್ಲಿಸಿ ಅಜ್ಜ ಅದನ್ನು ಇನ್ನೊಮ್ಮೆ ಹಾಡುವಂತಿರಲಿಲ್ಲ, ಆಪರೇಷನ್ನಿಗೆ ಮುಂಚೆ ಬೇರೆ ಆಟವೂ ಇರಲಿಲ್ಲ. ಆಟ ಮುಗಿದ ಮೇಲೆ ಶೈಲಜಾ, ಮುಂದಿನ ರೆಕಾರ್ಡಿಂಗ್ ಅಣ್ಣಾರಿಂದಲೇ ಉಳಿಯಿತು ಎಂದು ಎಲ್ಲರೆದುರು ಹೇಳಿದಳು. ಸಂಘಟಕರು ನನಗೊಂದು ಶಾಲು ಹೊದಿಸಿ, ಮೊದಲ ಸಲ ‘ಸರ್’ ಎಂದರು. ಬಾಯಿ ಬಿಡುವ ಧೈರ್ಯ ನನಗೆ ಬರಲಿಲ್ಲ.

ಆಪರೇಷನ್ನಾಗಿ ತಿಂಗಳ ಮೇಲೆ ರೆಕಾರ್ಡಿಂಗ್ ಕೊಡಲು ಶೈಲಜಾ ಇಟ್ಟಿಗಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಜ್ಜನಿಗೆ ಪಿಸುದನಿಯಷ್ಟೇ ಉಳಿದಿತ್ತು. ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ತನ್ನ ಪ್ರವೇಶದ ಪದ ಕೇಳಿದ, ಬರೀ ಗೊರಗೊರ. ಮುಖ ಸಣ್ಣದಾಯಿತು. ಶೈಲಜಾ ತಪ್ಪಾಯಿತು ಎನ್ನುವಷ್ಟರಲ್ಲಿ ಕೈ ಅಡ್ಡ ಮಾಡಿದ.

“ನಿಂದೇನ್ ತಪ್ಪವ್ವ. ಗಡ್ಡಿ ಅವತ್ತೇ ನನ್ನ ದನಿ ತಿಂದಿತ್ತು. ಸುಮ್ನ ಕುಣದ್ನಿ ನೋಡು, ಜನಕ್ಕ ನಾಚಿಕಿ ಆಗಿರಬೇಕು.”

ಇನ್ನು ಮುಚ್ಚಿಡಲು ನನ್ನ ಕೈಲಾಗಲಿಲ್ಲ. ಲೆವೆಲ್ ತಪ್ಪಿದ್ದು, ಅವಳು ಕೇಳಿದ್ದು, ಹೊಟ್ಟೆಕಿಚ್ಚಿಗೆ ನಾನು ಸುಳ್ಳು ಹೇಳಿದ್ದು, ಎಲ್ಲವನ್ನೂ ಒಪ್ಪಿಕೊಂಡೆ. ಶೈಲಜಾ ನನ್ನ ಕಡೆ ನೋಡಲಿಲ್ಲ. ಅಜ್ಜ ಬೈಯುತ್ತಾನೆಂದು ತಲೆ ತಗ್ಗಿಸಿ ಕೂತೆ.

“ಅಂದ್ರ ಅವತ್ತು ನನ್ನ ದನಿ ಚಲೋ ಇತ್ತೇನಪಾ?” ಎಂದು ಕೇಳಿದ.

“ಭವನ ತುಂಬಿತ್ರಿ ಅಜ್ಜಾರ.”

ಅಜ್ಜ ನಕ್ಕ. ನನ್ನ ಕೈ ಹಿಡಿದುಕೊಂಡು, ಹಿಗ್ಗಿನಿಂದ ಹೆಂಡತಿಯನ್ನು ಕರೆದು, ನಾನು ಹೇಳಿದ್ದನ್ನು ಅವಳ ಮುಂದೆ ಇನ್ನೊಮ್ಮೆ ಹೇಳಿಸಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ ಎಂದರೆ ಸುಳ್ಳಾದೀತು. ಲೈವ್‌ನವರಿಗೆ ಇವತ್ತಿಗೂ ಮಜ್ಜಿಗೆ ಮೊದಲು ಬರುತ್ತದೆ, ನನಗೆ ಇವತ್ತಿಗೂ ಉರಿಯುತ್ತದೆ. ಆದರೆ ನಾನು ಕಾಯಬೇಕಾದ್ದು ಮೈಕಿನ ಮುಂದೆ ನಿಂತವರ ದನಿಯನ್ನು ಎಂದು ಈ ಕೆಲಸ ಕಲಿಸಿದೆ. ಈಗ ಲೆವೆಲ್ ಸಾಕೇ ಎಂದು ಲೈವ್‌ನವರು ಕೇಳಲಿ, ಬಿಡಲಿ, ನಾನೇ ಎದ್ದುಹೋಗಿ ಅವರ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತೇನೆ.